ಮನೆಯ ಹೆಸರೂ ಬೋರ್ಡಿನ ಹೆಸರೂ

ಬೋರ್ಡೋ ದ್ರಾವಣದ ವಿಚಾರವನ್ನು ಹಿಂದಿನ ಸಂಚಿಕೆಯಲ್ಲಿ ಸಾಕಷ್ಟು ವಿವರವಾಗಿ ಬರೆದಿರುವುದರಿಂದ ಈ ಸಲ ಬೋರ್ಡಿನ ವಿಚಾರ ಬರೆಯುವುದೆಂದು ನಿಶ್ಚಯಿಸಿದ್ದೇವೆ. ಇದು ತಮಾಷೆಯ ಮಾತಲ್ಲ. ಇಸಳೂರಿನಿಂದ ಶಿರಸಿಗೆ ಹೋಗಿ, ಅಲ್ಲಿಂದ ಸಿದ್ದಾಪುರಕ್ಕಾಗಲಿ ಯಲ್ಲಾಪುರಕ್ಕಾಗಲಿ ಹೊರಟರೆ ತಿರುವಿಗೊಂದು ಹೊಸ ಬೋರ್ಡು ಕಣ್ಣಿಗೆ ಬೀಳುತ್ತದೆ. ಮಧ್ಯೆ ಬಾಣದ ಗುರುತು, ಕೆಳಗೆ ಮೊಬೈಲ್ ನಂಬರು, ಮೇಲೆ ಹೆಸರು. ಹೆಸರೆಂದರೆ ಯಾವುದೋ ಹಸಿರು ಕಣಿವೆ, ಯಾವುದೋ ಮಂಜಿನ ಗೂಡು, ಯಾವುದೋ ಹಕ್ಕಿಯ ಹಾಡು, ಅದೂ ಇಂಗ್ಲಿಷಿನಲ್ಲಿ. ಬಾಣ ತೋರಿಸಿದ ದಾರಿಯಲ್ಲಿ ಒಂದು ಮೈಲು ಒಳಗೆ ನಡೆದರೆ ಸಿಗುವುದು ನಮ್ಮದೇ ಸದಸ್ಯರ ಮನೆ. ಅಜ್ಜನ ಕಾಲದಿಂದ ಅಡಿಕೆ ವ್ಯವಹಾರ ಮಾಡಿಕೊಂಡು ಬಂದವರ ಮನೆ. ಆ ಮನೆಗೆ ಒಂದು ಹೆಸರಿದೆ, ಊರಿಗೆಲ್ಲ ಗೊತ್ತಿದೆ. ಬೋರ್ಡಿನಲ್ಲಿ ಮಾತ್ರ ಅದು ಇಲ್ಲ.

ಅತಿಥಿಗೃಹ ಮಾಡುವುದಕ್ಕೆ ನಮ್ಮ ವಿರೋಧವಿಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇವೆ. ಹತ್ತು ಹನ್ನೆರಡು ಕೋಣೆಗಳ ಮನೆಯಲ್ಲಿ ಮುದುಕ ಮುದುಕಿ ಇಬ್ಬರೇ ಉಳಿದು, ಮಕ್ಕಳೆಲ್ಲ ಬೆಂಗಳೂರು ಸೇರಿರುವ ಕಾಲ ಇದು. ಕೊಳೆ ರೋಗದ ಜೊತೆಗೆ ಎಲೆಚುಕ್ಕೆ ರೋಗವೂ ಬಂದು ಕುಳಿತಿದೆ. ಮಂಗಗಳ ಕಾಟ ಬೇರೆ. ಕೊನೆಗೌಡ ಸಿಗಬೇಕಾದರೆ ಹದಿನೈದು ದಿನ ಮೊದಲೇ ಕಾಲು ಹಿಡಿಯಬೇಕು. ಎರಡೆಕರೆ ತೋಟದ ಹುಟ್ಟುವಳಿಯಲ್ಲಿ ಅಂಥ ಮನೆಯ ಮಾಡು ರಿಪೇರಿ ಮಾಡಿಸುವುದು ಎಷ್ಟು ಕಷ್ಟವೆಂಬುದನ್ನು ಮಾಡಿಸಿದವರೇ ಬಲ್ಲರು. ಉಂಚಳ್ಳಿ, ಮಾಗೋಡು, ಸಾತೊಡ್ಡಿಯ ಜಲಪಾತಗಳನ್ನೋ ಸಹಸ್ರಲಿಂಗವನ್ನೋ ಬನವಾಸಿಯನ್ನೋ ನೋಡಲು ಬಂದವರು ಒಂದು ರಾತ್ರಿ ನಮ್ಮಲ್ಲಿ ಉಳಿದು, ತಂಬುಳಿ ಅಪ್ಪೆಹುಳಿ ಉಂಡು, ನಮ್ಮ ತೋಟದ್ದೇ ಕಾಫಿ ಕುಡಿದು ನಾಲ್ಕು ಕಾಸು ಕೊಟ್ಟರೆ ಆ ಹಣ ಹೆಂಚಿಗಾಗುತ್ತದೆ, ಪಕಾಸಿಗಾಗುತ್ತದೆ. ಆಗಲಿ.

ನಮ್ಮ ತಕರಾರು ಇರುವುದು ಹೆಸರಿನ ಬಗ್ಗೆ, ಮತ್ತು ಜಗಲಿಯ ಗೋಡೆಗೆ ಏನನ್ನು ತೂಗುಹಾಕುತ್ತೇವೆ ಎಂಬುದರ ಬಗ್ಗೆ. ಕಾರ್ಯದರ್ಶಿಗಳಿಗೆ ಬೇರೆ ಕೆಲಸವಿಲ್ಲವೇ ಎಂದು ಕೆಲವರು ಕೇಳಿಯಾರು. ಕಚೇರಿಯ ಕೆಲಸದಿಂದಲೇ ಈ ವಿಚಾರ ತಲೆಗೆ ಹೊಕ್ಕಿತು.

ಸದಸ್ಯರ ಹಳೆಯ ವಹಿ ತೆರೆದರೆ ಗಣಪತಿ ಹೆಗಡೆ ಎಂಬವರು ಎಷ್ಟೋ ಮಂದಿ ಸಿಗುತ್ತಾರೆ. ತಂದೆಯ ಹೆಸರು ಕೂಡಿಸಿ ನೋಡಿದರೂ ಒಂದೇ ಗ್ರಾಮದಲ್ಲಿ ಇಬ್ಬರು ಮಿಕ್ಕುವುದುಂಟು. ಒಬ್ಬರ ಅಡಿಕೆಯ ಹಣ ಇನ್ನೊಬ್ಬರ ಖಾತೆಗೆ ಹೋಗಬಾರದಲ್ಲ. ಅದಕ್ಕಾಗಿ ಹಿಂದಿನ ಗುಮಾಸ್ತರು ಪ್ರತಿ ಹೆಸರಿನ ಮುಂದೆ ಸಣ್ಣ ಅಕ್ಷರದಲ್ಲಿ ಮನೆಯ ಹೆಸರು ಬರೆದಿಟ್ಟಿದ್ದಾರೆ: ಮೇಲಿನಮನೆ, ಆಚೆಮನೆ, ಹಿತ್ಲಮನೆ, ಮಾಳಿಗೆಮನೆ, ಹೊಸಮನೆ. ಈಗ ಕಂಪ್ಯೂಟರು ಬಂದು ಸದಸ್ಯತ್ವದ ನಂಬರೊಂದೇ ಸಾಕಾಗಿದೆ. ಆದರೂ ಚೀಲ ಇಳಿಸುವ ಹಮಾಲರು ಇವತ್ತಿಗೂ ಕೂಗುವುದು ‘ಇದು ಯಾವ ಮನೇದು?’ ಎಂದೇ.

ಈ ಹೆಸರುಗಳಲ್ಲಿ ಯಾವುದೂ ಕಾವ್ಯವಲ್ಲ. ಹೊಸಮನೆ ಎಂದರೆ ಹೆಚ್ಚುಕಮ್ಮಿ ಪ್ರತಿ ಊರಿನಲ್ಲೂ ಎಲ್ಲಕ್ಕಿಂತ ಹಳೆಯದಾದ ಮನೆ! ಯಾರೋ ಮುತ್ತಜ್ಜ ಪಾಲಾಗಿ ಹೊರಬಿದ್ದು ಗುಡ್ಡದ ಬುಡದಲ್ಲಿ ಬೇರೆ ಸೂರು ಕಟ್ಟಿದಾಗ ಅದು ಹೊಸದಾಗಿತ್ತು. ಹೆಸರು ಅಲ್ಲಿಗೇ ನಿಂತಿತು. ಹಾಗಾದರೆ ಹೊಸಮನೆ ಎಂಬ ನಾಲ್ಕಕ್ಷರದಲ್ಲಿ ಒಂದು ಪಾಲುಪಟ್ಟಿಯೇ ಅಡಗಿದೆ ಎಂದಾಯಿತು. ಇನ್ನು ಮಕ್ಕಿ ಎಂದರೆ ಮಳೆ ನಂಬಿದ ಮೇಲ್ಗದ್ದೆ, ಬೈಲೆಂದರೆ ಕಣಿವೆಯ ತಗ್ಗುಗದ್ದೆ, ಕಾನೆಂದರೆ ನೀರು ಹಿಡಿದಿಡುವ ನಿತ್ಯಹಸಿರಿನ ಕಾಡು, ಹಕ್ಕಲೆಂದರೆ ಕಡಿದು ಬಿಟ್ಟ ಒಣ ಜಾಗ. ಹೆಸರಿನ ಕೊನೆಯ ತುಂಡು ಕೇಳಿದರೆ ಸಾಕು, ಅಲ್ಲಿಗೆ ಮೊದಲು ಬಂದವನು ಎಂಥ ನೆಲ ಕಂಡನೆಂದು ತೋಟದ ಅನುಭವವಿದ್ದವನಿಗೆ ಹೊಳೆಯುತ್ತದೆ. ಹಸಿರು ಕಣಿವೆ ಎಂಬ ಹೆಸರು ಏನು ಹೇಳುತ್ತದೆ? ನಮ್ಮ 3 ತಾಲೂಕುಗಳಲ್ಲಿ ಹಸಿರಲ್ಲದ ಕಣಿವೆ ಯಾವುದಿದೆ?

ನಮ್ಮ ಸೀಮೆಯ ಜನರನ್ನು ಜಗತ್ತು ಗುರುತಿಸಿದ್ದೂ ಇಂಥ ಹೆಸರುಗಳಿಂದಲೇ. ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ 1923ರಲ್ಲಿ ಹುಟ್ಟಿದ ಸಂಗತಿ ಹೇಳುವಾಗ ಕಡವೆ ಎಂಬ ಹಳ್ಳಿಯ ಹೆಸರು ಬಾರದೆ ಮಾತು ಮುಂದುವರಿಯುವುದಿಲ್ಲ, ಏಕೆಂದರೆ ಅದನ್ನು ಕಟ್ಟಿದ ಶ್ರೀಪಾದ ಹೆಗಡೆಯವರು ಜನರ ಬಾಯಲ್ಲಿ ಕಡವೆ ಹೆಗಡೆಯವರು. 1983ರಿಂದ 1988ರವರೆಗೆ ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆಯವರು ಸಿದ್ದಾಪುರದವರಿಗೆ ದೊಡ್ಮನೆಯವರು. ಹೊನ್ನಾವರದ ಕಡೆ ನೋಡಿದರೆ ಕೆರೆಮನೆ. 1934ರಲ್ಲಿ ಇಡಗುಂಜಿ ಮೇಳ ಕಟ್ಟಿದ ಶಿವರಾಮ ಹೆಗಡೆಯವರ ಮನೆಹೆಸರು ಅದು. ಕೆರೆಯ ಪಕ್ಕದ ಮನೆ, ಅಷ್ಟೇ ಅರ್ಥ. ಆದರೆ ಯಕ್ಷಗಾನ ಬಲ್ಲವರಿಗೆ ಆ ಶಬ್ದ ಕೇಳಿದರೆ ಹೆಜ್ಜೆಯ ಸದ್ದು ಕಿವಿಗೆ ಬರುತ್ತದೆ. 2012ರಲ್ಲಿ ಪದ್ಮಶ್ರೀ ಪಡೆದ ರಾಮಚಂದ್ರ ಹೆಗಡೆಯವರನ್ನು ಚಿಟ್ಟಾಣಿ ಎಂಬ ಒಂದೇ ಮಾತಿನಿಂದ ಕರೆದದ್ದು ಸಾಕಾಗಿತ್ತು. ಘಟ್ಟದ ಮೇಲೆ ತೀರ್ಥಹಳ್ಳಿಯ ಕಡೆ ಹೋದರೂ ಇದೇ ರೀತಿ. ಕುವೆಂಪು ಎಂಬ ಹೆಸರಿನ ಮೊದಲ ಅಕ್ಷರ ಕುಪ್ಪಳ್ಳಿಯದು. ಮನುಷ್ಯನ ಹೆಸರಿಗಿಂತ ಮುಂದೆ ಊರು ಬಂದು ನಿಂತಿದೆ.

ಕವಿಗಳು ಮನೆಗೆ ಹೊಸ ಹೆಸರು ಕಟ್ಟಿಲ್ಲವೇ ಎಂದು ಕೇಳಬಹುದು. ಕಟ್ಟಿದ್ದಾರೆ. ಮೈಸೂರಿನ ತಮ್ಮ ಮನೆಗೆ ಕುವೆಂಪು ‘ಉದಯರವಿ’ ಎಂದಿಟ್ಟರು. ಅವರ ಮಗ ಪೂರ್ಣಚಂದ್ರ ತೇಜಸ್ವಿಯವರು ನಮ್ಮ ಹಾಗೆಯೇ ಬೆಳೆಗಾರರು, ಮೂಡಿಗೆರೆಯಲ್ಲಿ ಕಾಫಿ ಬೆಳೆದವರು. ಅವರ ಮನೆಯ ಹೆಸರು ‘ನಿರುತ್ತರ’. ಏಕೆ ಆ ಹೆಸರೆಂದು ಕೇಳಿದವರಿಗೆ ಉತ್ತರ ಅದರಲ್ಲೇ ಇತ್ತು. ಅವು ಹೊಸ ಜಾಗದಲ್ಲಿ ಹೊಸದಾಗಿ ನೆಲೆನಿಂತವರ ಮನೆಗಳು, ಹೆಸರಿನ ಅವಶ್ಯಕತೆ ಇತ್ತು, ಕಟ್ಟುವ ಶಕ್ತಿಯೂ ಇತ್ತು. ನಮಗೆ ಆ ತೊಂದರೆಯೇ ಇಲ್ಲ. ಹೆಸರು ಬಿಟ್ಟಿಯಾಗಿ ಬಂದಿದೆ.

ಬಿಟ್ಟಿ ಎಂದೆವು. ಆ ಮಾತಿಗೆ ಒಂದು ತಿದ್ದುಪಡಿ ಬೇಕು. ಮನೆಯ ಹೆಸರು ಎಲ್ಲರಿಗೂ ಬಂದದ್ದಾದ್ದರಿಂದ ಒಬ್ಬನಿಗೆ ಬಿಟ್ಟಿಯಲ್ಲ, ಮತ್ತು ನಿಜವಾದ ತೊಡಕು ಇರುವುದು ಇಲ್ಲಿಯೇ. ಕಳೆದ ವರ್ಷ ನಮ್ಮ ಸದಸ್ಯರೊಬ್ಬರು, ಊರಾಗಲಿ ಮನೆಯಾಗಲಿ ಇಲ್ಲಿ ಬೇಡ, ಮೂಲಮನೆಯ 3 ಕೋಣೆಗಳನ್ನು ಪ್ರವಾಸಿಗರಿಗೆಂದು ಸಜ್ಜುಮಾಡಿ ಮನೆತನದ ಹೆಸರನ್ನೇ ಬೋರ್ಡಿಗೆ ಹಾಕಿಸಲು ಹೊರಟರು. ನಮಗೆ ಸಂತೋಷವಾಯಿತು. ಬೆಂಗಳೂರಿನಲ್ಲಿರುವ ಅವರ ಅಣ್ಣನವರಿಗೆ ಆಗಲಿಲ್ಲ. ‘ತಮಾ, ಅಪ್ಪಯ್ಯನ ಮನೆ ಹೆಸ್ರನ್ನ ಬೋರ್ಡಿಗೆ ಹಾಕ್ಲಾಗ’ ಎಂದರು. ‘ಹಂಗಾರೆ ಮಳೆಗಾಲ್ದಲ್ಲಿ ಮಾಡು ಸೋರ್ತಲ, ಅಣ್ಣಯ್ಯಾ, ಅದಕ್ಕೂ ನೀನೇ ಬಾ’ ಎಂದು ತಮ್ಮನವರು ಉತ್ತರ ಕೊಟ್ಟರಂತೆ. ಎರಡು ತಿಂಗಳು ಫೋನು ನಿಂತಿತು. ಬೋರ್ಡು ಬರೆಸಿದ್ದು ಹಾಗೇ ಅಟ್ಟದ ಮೇಲೆ ಬಿದ್ದಿತ್ತು.

ಇಬ್ಬರ ಮಾತಿನಲ್ಲೂ ಹುರುಳಿದೆ. ಹಿಸ್ಸೆಯಾದಾಗ ತೋಟ ಗುಂಟೆ ಲೆಕ್ಕದಲ್ಲಿ ಹಂಚಿಹೋಗುತ್ತದೆ, ಪಾತ್ರೆ ಎಣಿಕೆಯ ಮೇಲೆ ಹೋಗುತ್ತದೆ, ದೇವರ ಪೂಜೆಗೂ ಸರದಿ ಬರೆಯುತ್ತಾರೆ. ಹೆಸರನ್ನು ಮಾತ್ರ ಯಾವ ಪಾಲುಪತ್ರದಲ್ಲೂ ಬರೆಯುವುದಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕುಳಿತ ಅಣ್ಣನಿಗೆ ಊರಿನಿಂದ ಉಳಿದಿರುವುದು ಅದೊಂದೇ. ಅದರ ಕೆಳಗೆ ‘ಕೊಠಡಿಗಳು ದೊರೆಯುತ್ತವೆ’ ಎಂದು ಓದಿದರೆ ಅವನಿಗೆ ಚುಚ್ಚುವುದು ಸಹಜ. ಆದರೆ ವರ್ಷವಿಡೀ ಆ ಮನೆಯಲ್ಲಿ ದೀಪ ಹಚ್ಚುವವನು, ದೊಡ್ಡಹಬ್ಬಕ್ಕೆ ಬಲೀಂದ್ರನನ್ನು ಕೂರಿಸುವವನು, ತಂದೆತಾಯಿಯ ತಿಥಿ ಮಾಡುವವನು ತಮ್ಮ. ಹೆಸರನ್ನು ಉಳಿಸಿದವನಿಗೆ ಹೆಸರು ಬಳಸುವ ಹಕ್ಕಿಲ್ಲವೆಂದರೆ ಅದು ನ್ಯಾಯವೇ? ನಮ್ಮ ಅಭಿಪ್ರಾಯ ತಮ್ಮನ ಕಡೆಗಿದೆ. ಸುಳ್ಳು ಹೆಸರಿನ ಬೋರ್ಡಿನ ಹಿಂದೆ ಅಡಗಿ ವ್ಯವಹಾರ ಮಾಡುವುದಕ್ಕಿಂತ ಮನೆಯ ಹೆಸರಿನಲ್ಲಿ, ಆ ಹೆಸರಿಗೆ ಜವಾಬ್ದಾರನಾಗಿ ಮಾಡುವುದು ಮೇಲು. ಅನ್ನ ಹಳಸಿದ್ದು ಬಡಿಸಿದರೆ ಹೋಗುವುದು ಮನೆತನದ ಮಾನ ಎಂಬ ಎಚ್ಚರ ಅಡಿಗೆಯವನಿಗೂ ಇರುತ್ತದೆ.

ಆದರೆ ಕೇಳಿ ಮಾಡಬೇಕು. ಅಣ್ಣತಮ್ಮಂದಿರನ್ನು ಕೂರಿಸಿ ಒಂದು ಕಾಗದ ಬರೆಸಿಕೊಳ್ಳಬೇಕು. ಇಂತಿಷ್ಟು ಕೋಣೆ ಅತಿಥಿಗಳಿಗೆ. ಮಾಳಿಗೆಯ ಒಂದು ಕೋಣೆ ಊರಿಗೆ ಬರುವ ಅಣ್ಣತಮ್ಮಂದಿರಿಗೇ ಮೀಸಲು. ತಿಥಿಯ ದಿನ, ಹಬ್ಬದ ದಿನ, ಮನೆಯಲ್ಲಿ ಸಾವುನೋವಾದಾಗ ಬೋರ್ಡು ಮುಚ್ಚಬೇಕು. ದೇವರ ಕೋಣೆ ಯಾವ ಕಾಲಕ್ಕೂ ಪ್ರದರ್ಶನಕ್ಕಲ್ಲ. ಮೇಲೆ ಹೇಳಿದ ಅಣ್ಣತಮ್ಮಂದಿರು ಕೊನೆಗೆ ಹೀಗೆಯೇ ಬರೆದುಕೊಂಡರು. ಬೋರ್ಡು ಈಗ ಅಟ್ಟದಿಂದ ಇಳಿದಿದೆ.

ಅಲ್ಲಿಯೂ ಒಂದು ಕೊರತೆ ಉಳಿಯಿತೆಂದು ನಮಗೆ ಅನ್ನಿಸಿತು. ಕಾಗದಕ್ಕೆ ಸಹಿ ಹಾಕಿದವರಲ್ಲಿ ಅಕ್ಕತಂಗಿಯರಿರಲಿಲ್ಲ. ಆ ಮನೆಯ ಹೆಣ್ಣುಮಕ್ಕಳು ಇಬ್ಬರು, ಒಬ್ಬರು ಯಲ್ಲಾಪುರದ ಕಡೆ, ಒಬ್ಬರು ಹುಬ್ಬಳ್ಳಿಯಲ್ಲಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾದ ಮೇಲೆ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲಿದೆ ಎಂಬುದನ್ನು ಸದಸ್ಯರು ಸಾಲದ ಅರ್ಜಿ ತುಂಬುವಾಗ ನೆನಪಿಸಿಕೊಳ್ಳುತ್ತಾರೆ, ಬೇರೆ ಸಮಯದಲ್ಲಿ ಮರೆಯುತ್ತಾರೆ. ಕಾಯ್ದೆಯ ಮಾತು ಬಿಡಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಗಂಡನ ಊರಿನಲ್ಲಿ ಎಷ್ಟು ವರ್ಷ ಕಳೆದರೂ ಹಿರಿಯರು ಗುರುತಿಸುವುದು ತವರಿನ ಊರಿನ ಹೆಸರಿನಿಂದ. ಮನೆಯ ಹೆಸರನ್ನು ಅತ್ಯಂತ ದೂರದವರೆಗೆ ಹೊತ್ತುಕೊಂಡು ಹೋದವರು ಅವರು. ಅವರನ್ನೊಂದು ಮಾತು ಕೇಳದೆ ಬೋರ್ಡು ನಿಲ್ಲಿಸುವುದು ಸರಿಯಲ್ಲ. ಕೇಳಿದರೆ ಇನ್ನೊಂದು ಲಾಭವೂ ಇದೆ: ಯಾವ ಕೋಣೆಯಲ್ಲಿ ಯಾರು ಹುಟ್ಟಿದರು, ಯಾವ ಕಂಬಕ್ಕೆ ಯಾರ ತೊಟ್ಟಿಲು ಕಟ್ಟಿತ್ತು ಎಂಬುದು ಗಂಡಸರಿಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಕೊಡಗಿನ ಕಾಫಿ ಬೆಳೆಗಾರರು ಈ ವಿಷಯದಲ್ಲಿ ನಮಗಿಂತ ಸ್ಪಷ್ಟವಾಗಿದ್ದಾರೆ. ಅಲ್ಲಿ ಒಕ್ಕಕ್ಕೊಂದು ಐನ್‌ಮನೆ, ಒಕ್ಕದ ಹೆಸರೇ ಪ್ರತಿಯೊಬ್ಬನ ಹೆಸರಿನ ಮೊದಲ ಭಾಗ. ನಡುಮನೆಯಲ್ಲಿ, ಅವರು ನೆಲ್ಲಕ್ಕಿ ನಡುಬಾಡೆ ಎನ್ನುವ ಜಾಗದಲ್ಲಿ, ಹಿರಿಯರ ದೀಪ ಉರಿಯುತ್ತದೆ. ಪ್ರವಾಸಿಗರಿಗೆ ಉಳಿದುಕೊಳ್ಳಲು ಕೊಡುವುದು ಹೆಚ್ಚಾಗಿ ತೋಟದಲ್ಲಿರುವ ಸ್ವಂತ ಮನೆಯನ್ನು. ಐನ್‌ಮನೆ ಒಕ್ಕದವರೆಲ್ಲ ಕೂಡುವ ಮನೆಯಾಗಿ ಬೇರೆಯೇ ಉಳಿದಿದೆ. ನಮ್ಮಲ್ಲಿ ಮೂಲಮನೆಯೂ ಸ್ವಂತ ಮನೆಯೂ ಒಂದೇ ಆಗಿರುವುದರಿಂದ ಗೆರೆ ನಾವೇ ಎಳೆದುಕೊಳ್ಳಬೇಕಾಗಿದೆ.

ಇನ್ನು ಅಲಂಕಾರ. ಬೋರ್ಡು ನಿಂತಮೇಲೆ ಮುಂದಿನ ಕೆಲಸ ಅಟ್ಟ ಹತ್ತುವುದು. ಧೂಳಿನ ಮಧ್ಯೆ ಏನೇನಿದೆಯೋ ಎಲ್ಲ ಕೆಳಗಿಳಿದು ಎಣ್ಣೆ ಸವರಿಸಿಕೊಂಡು ಜಗಲಿಗೆ ಬರುತ್ತದೆ. ಇದನ್ನು ನಾವು ಹತ್ತಾರು ಮನೆಗಳಲ್ಲಿ ನೋಡಿದ್ದೇವೆ. ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿಯನ್ನು ಒಂದು ಕಡೆ ದೀಪದ ಗೊಂಚಲೆಂಬಂತೆ ತೂಗುಹಾಕಿ, ಅದರ ಕೊಕ್ಕೆಗಳಿಗೆ ಸಣ್ಣ ಸಣ್ಣ ಬಲ್ಬು ಸಿಕ್ಕಿಸಿದ್ದಾರೆ. ನೋಡಲು ಚೆಂದವಾಗಿಯೇ ಇದೆ. ಅದು ಏನೆಂದು ಅತಿಥಿಯೊಬ್ಬರು ಕೇಳಿದಾಗ ಮನೆಯ ಹುಡುಗನಿಗೆ ಗೊತ್ತಿರಲಿಲ್ಲ. ನಮಗೆ ಬೇಸರವಾದದ್ದು ಅಷ್ಟಕ್ಕೆ. ಗೋಡೆಯ ಮೇಲಿರುವ ವಸ್ತುವಿನ ಕೆಲಸವನ್ನು ಮನೆಯಲ್ಲಿ ಒಬ್ಬರಾದರೂ ಹೇಳಬಲ್ಲವರಿರಬೇಕು. ಇಲ್ಲವಾದರೆ ಅದು ಪೇಟೆಯ ಅಂಗಡಿಯಲ್ಲಿ ತಂದದ್ದಕ್ಕೂ ಅಟ್ಟದಿಂದ ಇಳಿಸಿದ್ದಕ್ಕೂ ವ್ಯತ್ಯಾಸವೇನು?

ಮೆಟ್ಟುಗತ್ತಿಯನ್ನೇ ತೆಗೆದುಕೊಳ್ಳಿ. ಸುಲಿಯುವ ಯಂತ್ರ ಬಂದಮೇಲೆ ಅನೇಕ ಮನೆಗಳಲ್ಲಿ ಅದು ಮೂಲೆ ಸೇರಿದೆ. ಒಂದು ಕಾಲದಲ್ಲಿ ಕೊನೆಕೊಯ್ಲಿನ ದಿನಗಳಲ್ಲಿ ರಾತ್ರಿ ಊಟವಾದ ಮೇಲೆ ಅಂಗಳದಲ್ಲಿ ಸಾಲಾಗಿ ಮೆಟ್ಟುಗತ್ತಿ ಹಾಕಿಕೊಂಡು ಅಕ್ಕಪಕ್ಕದ ಹೆಂಗಸರು ಗಂಡಸರು ಕೂರುತ್ತಿದ್ದರು. ಸುಲಿದ ಅಡಿಕೆಯ ಲೆಕ್ಕದ ಮೇಲೆ ಕೂಲಿ. ಮಾತು, ನಗೆ, ಜಗಳ, ಹಾಡು ಎಲ್ಲ ಅಲ್ಲೇ. ಅತಿಥಿಯ ಮಗು ಬಂದು ಇದು ಯಾಕೆ ಎಂದು ಕೇಳಿದರೆ, ಮನೆಯ ಅಜ್ಜಿ ಒಂದು ಹಸಿ ಅಡಿಕೆ ತಂದು ಸುಲಿದು ತೋರಿಸಲಿ. ಅದರ ಮುಂದೆ ಬಲ್ಬಿನ ಗೊಂಚಲು ಏನೂ ಅಲ್ಲ.

ಇಲ್ಲಿ ಒಂದು ಕಹಿ ಮಾತನ್ನೂ ಹೇಳಬೇಕು. ಗೋಡೆಗೆ ಬರುತ್ತಿರುವ ವಸ್ತುಗಳಲ್ಲಿ ಅರ್ಧದಷ್ಟು ನಮ್ಮ ಮನೆಯವರು ಮುಟ್ಟಿದವೇ ಅಲ್ಲ. ಕೊನೆಗೌಡನ ತಳೆ, ಅವನ ಕತ್ತಿ, ಮಳೆಯಲ್ಲಿ ಗದ್ದೆ ಕೆಲಸಕ್ಕೆ ಹೊದ್ದ ಕಂಬಳಿಕೊಪ್ಪೆ ಇವೆಲ್ಲ ನಮ್ಮ ತೋಟದಲ್ಲಿ ದುಡಿದವರ ಮೈಮೇಲೆ ಇದ್ದಂಥವು. ಅವನ್ನು ‘ನಮ್ಮ ಪೂರ್ವಜರ ಪರಿಕರಗಳು’ ಎಂದು ಚೀಟಿ ಅಂಟಿಸಿ ಇಡುವುದು ಸತ್ಯಕ್ಕೆ ದೂರ. ಇಡಬಾರದೆಂದಲ್ಲ. ಐವತ್ತು ವರ್ಷ ಆ ಮನೆಯ ಕೊನೆ ಕೊಯ್ದವನ ಹೆಸರನ್ನು, ಅವನ ಅಥವಾ ಅವನ ಮಕ್ಕಳ ಒಪ್ಪಿಗೆ ಪಡೆದು, ಆ ತಳೆಯ ಕೆಳಗೆ ಬರೆಯಿರಿ. ಮನೆಯ ಯಜಮಾನರ ದೊಡ್ಡ ಫೋಟೋದ ಪಕ್ಕದಲ್ಲೇ ಇರಲಿ. ಅಡಿಕೆ ಮರದಿಂದ ತಾನಾಗಿ ಇಳಿದು ಬರಲಿಲ್ಲವೆಂಬುದು ಬಂದವರಿಗೆ ತಿಳಿಯುತ್ತದೆ.

ಗೋಡೆಯ ಚಿತ್ರಗಳ ವಿಚಾರದಲ್ಲೂ ಇದೇ ಮಾತು. ಈಗ ಹಸೆ ಚಿತ್ತಾರಕ್ಕೆ ಬಹಳ ಬೇಡಿಕೆ. ಇದು ಸಿದ್ದಾಪುರ, ಸಾಗರದ ಕಡೆಯ ದೀವರ ಹೆಣ್ಣುಮಕ್ಕಳ ಕೈಯ ವಿದ್ಯೆ. ಕೆಮ್ಮಣ್ಣಿನ ನೆಲದ ಮೇಲೆ ಅಕ್ಕಿಹಿಟ್ಟಿನ ಬಿಳಿ, ಹುರಿದು ಕರಕಾದ ಅಕ್ಕಿಯ ಕಪ್ಪು, ಗುರಿಗೆಕಾಯಿಯ ಹಳದಿ; ಕುಂಚವೆಂದರೆ ಪುಂಡಿಯ ನಾರು. ಮದುವೆಯ ಮನೆಯಲ್ಲಿ ಹಸೆಗೋಡೆಯ ಮೇಲೆ ಅದು ಮೂಡುತ್ತದೆ, ಭೂಮಿ ಹುಣ್ಣಿಮೆಯಲ್ಲಿ ಗದ್ದೆಗೆ ಎಡೆ ಹೊತ್ತೊಯ್ಯುವ ಬುಟ್ಟಿಯ ಮೇಲೆ ಮೂಡುತ್ತದೆ. ಅದರ ಒಂದೊಂದು ಗೆರೆಗೂ ಹೆಸರಿದೆ. ನಮ್ಮವರು ಮಾಡುತ್ತಿರುವುದೇನು? ಪೇಟೆಯಿಂದ ಪ್ಲಾಸ್ಟಿಕ್ಕಿನ ಹಾಳೆಯಲ್ಲಿ ಅಚ್ಚು ಹಾಕಿಸಿ ಬಚ್ಚಲಿನ ಹೊರಗೋಡೆಗೆ ಅಂಟಿಸುವುದು. ಎರಡು ಮಳೆಗಾಲಕ್ಕೆ ಸುಲಿದು ಬೀಳುತ್ತದೆ. ಪಕ್ಕದ ಕೇರಿಯಲ್ಲೇ ಆ ಕೆಲಸ ಬಲ್ಲ ಹೆಣ್ಣುಮಗಳಿದ್ದಾಳೆ; ಗೌರವದಿಂದ ಕರೆಸಿ, ಸರಿಯಾದ ಮಜೂರಿ ಕೊಟ್ಟು, ಜಗಲಿಯ ಒಂದು ಗೋಡೆ ಬಿಟ್ಟುಕೊಟ್ಟರೆ, ಅವಳೇ ಇಂಥ ಕಡೆ ಬರೆಯುತ್ತೇನೆ, ಇಂಥ ಕಡೆ ಬರೆಯುವುದಿಲ್ಲ ಎಂದು ಹೇಳುತ್ತಾಳೆ. ಹಾಗೆ ಹೇಳುವ ಅಧಿಕಾರ ಅವಳದು.

ಹಾಗಾದರೆ ನಮ್ಮ ಮನೆಗಳಿಗೆ ಸ್ವಂತದ್ದೇನೂ ಇಲ್ಲವೇ? ಇದೆ. ದೊಡ್ಡಹಬ್ಬಕ್ಕೆ ಮೊದಲು ಗೋಡೆಗೆ ಕೆಮ್ಮಣ್ಣು ಸಾರಿಸಿ ಶೇಡಿಯಿಂದ ಗೆರೆ ಎಳೆಯುವುದು ಇನ್ನೂ ಪೂರ್ತಿ ನಿಂತಿಲ್ಲ. ದನಗಳ ಕೊರಳಿಗೆ ಕಟ್ಟುವ ಅಡಿಕೆಯ ಸರ ಇದೆ. ಚೌತಿಯಲ್ಲಿ ಗಣಪತಿಯ ತಲೆಯ ಮೇಲೆ ಕಟ್ಟುವ ಫಲಾವಳಿ ಇದೆ. ಶಿರಸಿ ಮಾರಿಕಾಂಬಾ ದೇವಾಲಯದಲ್ಲಿ ಕಾವಿಯ ಚಿತ್ರಗಳಿವೆ. ಸುಣ್ಣದ ಗಾರೆಯ ಮೇಲೆ ಕೆಂಪು ಬಳಿದು, ಹಸಿಯಿರುವಾಗಲೇ ಕೊರೆದು ಕೆಳಗಿನ ಬಿಳಿಯನ್ನು ಕಾಣಿಸುವ ವಿದ್ಯೆ ಅದು. ಎರಡು ವರ್ಷಕ್ಕೊಮ್ಮೆ ಜಾತ್ರೆಗೆ ಹೋಗಿ ದೇವಿಯನ್ನು ಕಂಡು ಬರುವ ನಾವು ಗೋಡೆ ನೋಡುವುದೇ ಇಲ್ಲ. ಆಟದ ಕಿರೀಟವನ್ನು ಮಾತ್ರ ಎಲ್ಲರೂ ತಂದು ತೂಗುಹಾಕುತ್ತಾರೆ. ಚೌಕಿಯಲ್ಲಿ ಪೂಜೆ ಸಲ್ಲುವ, ಕಲಾವಿದರು ಕೈಮುಗಿದು ತಲೆಗೇರಿಸುವ ವಸ್ತು. ಕೈತೊಳೆಯುವ ಬೇಸಿನ್ನಿನ ಮೇಲೆ ಅದನ್ನು ಮೊಳೆ ಹೊಡೆದು ನಿಲ್ಲಿಸಿದ್ದು ಕಂಡ ದಿನ ನಮಗೆ ಅಲ್ಲಿನ ಕಾಫಿ ಸೇರಲಿಲ್ಲ.

ಯಲ್ಲಾಪುರದ ಕಡೆಯ ಮನೆಗಳಲ್ಲಿ ಸಿದ್ದಿ ಹೆಂಗಸರು ಹೊಲಿದ ಕೌದಿ ಕಾಣುತ್ತದೆ. ಹಳೆಯ ಸೀರೆ ಅಂಗಿಗಳ ತುಂಡು ಜೋಡಿಸಿ ಹೊಲಿಯುವ ಈ ಕೌದಿಯ ನಾಲ್ಕು ಮೂಲೆಗಳಿಗೆ ತ್ರಿಕೋಣದ ಪುಟ್ಟ ತೇಪೆ ಹಾಕುತ್ತಾರೆ. ಅದಕ್ಕೆ ಅವರಲ್ಲಿ ಹೂವೆಂದು ಹೆಸರು. ಹೂವಿಲ್ಲದ ಕೌದಿ ಬತ್ತಲೆ ಎನ್ನುತ್ತಾರೆ. ಇದನ್ನು ಗಾಜಿನ ಚೌಕಟ್ಟಿನಲ್ಲಿ ಬಂಧಿಸುವುದಕ್ಕಿಂತ ಮಂಚದ ಮೇಲೆ ಹಾಸಿ, ಅತಿಥಿ ಹೊದ್ದು ಮಲಗಿ, ಬೆಳಗ್ಗೆ ಹೊಲಿದವಳ ವಿಳಾಸ ಕೇಳುವ ಹಾಗೆ ಮಾಡಿದರೆ ಆಕೆಗೂ ನಾಲ್ಕು ಕಾಸು ಸಿಗುತ್ತದೆ.

ಸಿದ್ದಾಪುರ ಸೀಮೆಯ ಸದಸ್ಯರಿಗೆ ಒಂದು ವಿಶೇಷ ಅರಿಕೆ. 1932ರ ಸುಮಾರಿನ ಕರನಿರಾಕರಣೆಯಲ್ಲಿ ಅಂಕೋಲೆಯವರಂತೆ ನಿಮ್ಮ ಹಿರಿಯರೂ ತೀರ್ವೆ ಕೊಡದೆ ನಿಂತರು. ನೆಲ, ಮನೆ, ದನಕರು, ಪಾತ್ರೆಪಗಡೆ ಜಪ್ತಿಯಾದವು. ಜಪ್ತಿಯಾದ ಆಸ್ತಿ ಕೊಂಡವರ ಮನೆಬಾಗಿಲಲ್ಲಿ ಹೆಂಗಸರು ಉಪವಾಸ ಕೂತರು. ಮಾವಿನಗುಂಡಿಯಲ್ಲಿ ಆ ಮಹಿಳೆಯರ ಸ್ಮಾರಕವಿದೆ. ನಿಮ್ಮ ಬಚ್ಚಲಿನ ತಾಮ್ರದ ಹಂಡೆಗೆ ಆ ಕಾಲದ ಕಥೆ ಇದ್ದರೆ, ಅಥವಾ ಆ ವರ್ಷ ಹಂಡೆ ಹೋಗಿ ಮಡಕೆಯಲ್ಲಿ ನೀರು ಕಾಯಿಸಿದ ಕಥೆ ಅಜ್ಜಿಯಿಂದ ಬಂದಿದ್ದರೆ, ದಯವಿಟ್ಟು ಹಂಡೆಯನ್ನು ತುಳಸಿಯ ಕುಂಡವಾಗಿ ಮಾಡುವ ಮೊದಲು ಆ ಕಥೆಯನ್ನು ಬರೆದಿಡಿ.

ಮಾರಾಟದ ಮಾತನ್ನು ಹೇಳದೆ ಮುಗಿಸುವಂತಿಲ್ಲ. ಹಳೆಯ ಬಾಗಿಲು, ಕಂಬ, ಬೋದಿಗೆ ಕೊಳ್ಳುವ ದಲಾಲರು ಹಳ್ಳಿ ಹಳ್ಳಿ ತಿರುಗುತ್ತಿದ್ದಾರೆ. ಒಂದು ಮನೆಯ ಹೆಬ್ಬಾಗಿಲು ಇನ್ನೊಂದು ಕಡೆಯ ಅತಿಥಿಗೃಹದ ಅಲಂಕಾರವಾಗುತ್ತಿದೆ. ಮಣಿಪಾಲದ ವಿಜಯನಾಥ ಶೆಣೈಯವರು ಹೀಗೆ ಕೆಡವಿದ ಮನೆಗಳ ಭಾಗಗಳನ್ನು ಉಳಿಸಿ ತಮ್ಮ ‘ಹಸ್ತಶಿಲ್ಪ’ ಮನೆಯನ್ನು ಕಟ್ಟಿದರು. ಮುಂದೆ ಇಡೀ ಮನೆಗಳನ್ನೇ ಬಿಚ್ಚಿ ತಂದು ಪುನಃ ನಿಲ್ಲಿಸಿ ಒಂದು ಊರನ್ನೇ ಮಾಡಿದರು. 2017ರಲ್ಲಿ ಅವರು ತೀರಿಕೊಂಡರು. ಅಲ್ಲಿ ಗಮನಿಸಬೇಕಾದ್ದೊಂದಿದೆ. ಎಲ್ಲಿಂದಲೋ ಬಂದ ಆ ಮನೆಗಳಿಗೆ ಹೊಸ ಹೆಸರಿಟ್ಟಿಲ್ಲ. ಮಿಯಾರು ಮನೆ, ಹರ್ಕೂರು ಮನೆ, ಕುಂಜೂರಿನ ಚೌಕಿ ಮನೆ ಎಂದೇ ಕರೆಯುತ್ತಾರೆ. ನೆಲ ಬಿಟ್ಟು ಬಂದ ಮನೆಗೂ ಊರಿನ ಹೆಸರು ಉಳಿದಿದೆ. ನೆಲದ ಮೇಲೇ ನಿಂತಿರುವ ನಮ್ಮ ಮನೆಗಳು ಹೆಸರು ಬದಲಿಸಿಕೊಳ್ಳುತ್ತಿವೆ.

ಅತಿಥಿಗಳಿಗೆ ಇಂಗ್ಲಿಷ್ ಹೆಸರೇ ನೆನಪಿರುವುದು, ಮೊಬೈಲಿನಲ್ಲಿ ಹುಡುಕಲು ಸುಲಭ ಎಂದು ಕಿರಿಯ ಸದಸ್ಯರು ವಾದಿಸುತ್ತಾರೆ. ಒಪ್ಪುವ ಮಾತಲ್ಲ. ಹಸಿರು ಕಣಿವೆ ಎಂದು ಹುಡುಕಿದರೆ ಊಟಿಯಿಂದ ಕಾಶ್ಮೀರದವರೆಗೆ ನೂರು ಬರುತ್ತವೆ. ನಿಮ್ಮ ಮನೆಯ ಹೆಸರೂ ಊರಿನ ಹೆಸರೂ ಸೇರಿಸಿ ಹುಡುಕಿದರೆ ನಿಮ್ಮದೊಂದೇ ಬರುತ್ತದೆ. ನಮ್ಮ ಅಡಿಕೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು ಶಿರಸಿ ಎಂಬ ಹೆಸರಿನಲ್ಲಿ. ಊರಿನ ಹೆಸರಿಗೆ ಪೇಟೆಯಲ್ಲಿ ಬೆಲೆ ಇದೆಯೆಂದು ಅಡಿಕೆಯ ವಿಚಾರದಲ್ಲಿ ಒಪ್ಪಿಕೊಂಡವರು ಮನೆಯ ವಿಚಾರದಲ್ಲಿ ಏಕೆ ಹಿಂಜರಿಯಬೇಕು? ಹೆಸರು ಉಚ್ಚರಿಸಲು ಬಾರದ ಅತಿಥಿಗೆ ಜಗಲಿಯಲ್ಲಿ ಕೂರಿಸಿ, ಕಾಲಿಗೆ ನೀರು ಕೊಟ್ಟು, ‘ಆಸ್ರಿಗೆ ಎಂತ ಕುಡಿತ್ರಿ?’ ಎಂದು ಕೇಳಿ, ಕವಳದ ಬಟ್ಟಲು ಮುಂದಿಟ್ಟು ಎರಡು ಸಲ ಹೇಳಿಕೊಟ್ಟರೆ ಕಲಿಯುತ್ತಾನೆ. ನಾವು ಎಂಥೆಂಥ ಕೀಟನಾಶಕದ ಹೆಸರು ಕಲಿತಿಲ್ಲ!

ಇಷ್ಟೆಲ್ಲ ಬರೆದದ್ದಕ್ಕೆ ಒಂದು ಕೆಲಸದ ಕಾರಣವೂ ಇದೆ. ಹಳೆಯ ಸದಸ್ಯರ ವಹಿಗಳು ಗೆದ್ದಲಿಗೆ ಸಿಕ್ಕಿ ಹಾಳಾಗುತ್ತಿವೆ, ಅವುಗಳೊಂದಿಗೆ ಗುಮಾಸ್ತರು ಬರೆದಿಟ್ಟ ಮನೆಹೆಸರುಗಳೂ ಹೋಗುತ್ತಿವೆ. ಬರುವ ಮಹಾಸಭೆಯಲ್ಲಿ ಸಂಘದ ವತಿಯಿಂದ ಮನೆಹೆಸರುಗಳ ಪ್ರತ್ಯೇಕ ವಹಿಯೊಂದನ್ನು ಇಡುವ ಬಗ್ಗೆ ಠರಾವು ಮಂಡಿಸಲಿದ್ದೇವೆ. ಅತಿಥಿಗೃಹ ಇರಲಿ ಇಲ್ಲದಿರಲಿ, ಪ್ರತಿಯೊಬ್ಬ ಸದಸ್ಯರೂ ಒಂದು ಚೀಟಿಯಲ್ಲಿ ತಮ್ಮ ಮನೆಯ ಹೆಸರು, ಆ ಹೆಸರು ಬಂದ ಬಗೆ ಗೊತ್ತಿದ್ದಷ್ಟು, ಮತ್ತು ಆ ಮನೆಯಿಂದ ಹೋದ ಹೆಣ್ಣುಮಕ್ಕಳು ಈಗ ಯಾವ ಊರಿನಲ್ಲಿದ್ದಾರೆಂಬುದನ್ನು ಬರೆದು, ಅಡಿಕೆ ತೂಕಕ್ಕೆ ತರುವಾಗ ಗುಮಾಸ್ತರ ಕೈಗೆ ಕೊಡಬೇಕು. ಅಕ್ಷರ ದುಂಡಗಿರಲಿ. ಹೊಸಮನೆಯವರು ಮಾತ್ರ ಊರಿನ ಹೆಸರನ್ನು ತಪ್ಪದೆ ಬರೆಯಿರಿ. ನೀವು ಬಹಳ ಜನ ಇದ್ದೀರಿ.